ಗಡೀಪಾರಾದ ಬೆಕ್ಕಿನೊಡನೆ ಸವಣೂರಿಗೆ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ, ಇಂಥವನ ಸಂಗಡ ಇಷ್ಟು ದೂರ ಬಂದೆವಲ್ಲ ಎಂದು ನೀವು ಹಳಹಳಿಸೀರಿ. ನಮ್ಮ ರುದ್ರಪ್ಪ ಕಾಕಾನ ಮಧ್ಯಾಹ್ನದ ನಿದ್ದೆಯನ್ನು ಕೆಡಿಸುತ್ತಿದ್ದ ಬೆಕ್ಕು ನಾನು. ಗಡೀಪಾರಿನ ಶಿಕ್ಷೆಯಾದದ್ದು ಇನ್ನೊಂದು ಬೆಕ್ಕಿಗೆ. ಅದನ್ನು ಚೀಲದಲ್ಲಿ ಕಟ್ಟಿಕೊಂಡು ಪರದೇಶದಲ್ಲಿ ಬಿಟ್ಟುಬರಲು ಹೋದವನೂ ನಾನೇ. ಕಳ್ಳನೇ ಪೊಲೀಸನಾಗಿ, ದಾರಿಯಲ್ಲಿ ಸಿಕ್ಕವರನ್ನು ಹಿಡಿದುಕೊಂಡು ಹೋದಂಥ ಸಂಗತಿ ಇದು.

ಪರದೇಶ ಎಂದೊಡನೆ ಹಡಗು, ಹಿಮ, ಮುಳ್ಳುಚಮಚ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿರಿ. ವಿಲಾಯತಿಗೆ ಹೋಗಿಬಂದವರು ಅದನ್ನು ಬೇಕಾದಷ್ಟು ಬರೆದಿದ್ದಾರೆ. ನಾನು ಹೋದದ್ದು ಸವಣೂರಿಗೆ. ನಗಬೇಡಿರಿ. ನಮ್ಮ ಹಾನಗಲ್ಲು ಮುಂಬಯಿ ಇಲಾಖೆಯದು. ನಮ್ಮ ದೊರೆ ಲಂಡನ್ನಿನಲ್ಲಿದ್ದಾನೆ. ಅವನ ಮುಖ ನಮಗೆ ರೂಪಾಯಿಯ ಮೇಲೆ ನೋಡಿ ಗೊತ್ತು, ಅದೂ ಅಪರೂಪಕ್ಕೆ. ಸವಣೂರಿಗಾದರೆ ಅದರದೇ ನವಾಬರು, ಅದರದೇ ಕಚೇರಿ, ಅದರದೇ ಸುಂಕದ ನಾಕಾ. ನಡುವೆ ಸಮುದ್ರವಿಲ್ಲ ಎಂಬುದೊಂದೇ ಕೊರತೆ. ಆ ಕೊರತೆಯನ್ನು ನಮ್ಮ ಅಕ್ಕಿ ಹೇರುವ ಭರಮಪ್ಪನ ಎತ್ತಿನ ಚಕ್ಕಡಿ ತುಂಬಿಕೊಟ್ಟಿತು. ಹಡಗಿನಲ್ಲಿ ಕೂತವರಿಗೆ ಬರುತ್ತದೆಂದು ಹೇಳುವ ಹೊಟ್ಟೆತೊಳಸು ನನಗೆ ಶಿಗ್ಗಾಂವಿ ಮುಟ್ಟುವ ಮುಂಚೆಯೇ ಬಂದಿತ್ತು.

ಹಾನಗಲ್ಲು

ಕಾಕಾನದು ಭತ್ತ ಅಕ್ಕಿಯ ಅಂಗಡಿ. ಅಂಗಡಿಯ ಹಿಂದೆ ಗೋದಾಮು, ಗೋದಾಮಿನ ಹಿಂದೆ ಹಿತ್ತಲು, ಹಿತ್ತಲ ತುಂಬ ಬೆಕ್ಕುಗಳು. ಆ ಬೆಕ್ಕುಗಳು ಯಾರು ಸಾಕಿದವೂ ಅಲ್ಲ. ಯಾರ ಮಡಿಲಲ್ಲೂ ಕೂಡುವವಲ್ಲ. ಮುಟ್ಟಹೋದರೆ ಉಗುರು ತೋರಿಸುವ, ಹೊಸ್ತಿಲ ಹೊರಗಿನ ಜನ. ಆದರೆ ಅವುಗಳಿಗೊಬ್ಬ ದಿಕ್ಕು ಇದ್ದಳು: ನಮ್ಮ ನೀಲವ್ವ ಅತ್ತಿ.

ಅತ್ತಿ ನಮ್ಮಪ್ಪನಿಗೂ ಕಾಕಾನಿಗೂ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದು ಮನೆಯ ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳು. ದಿನಾ ಮುಂಜಾನೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ, ಹಿತ್ತಲ ಕಲ್ಲುದೋಣಿಗೆ ಸುರಿದು, ಅದರ ಅಂಚಿಗೆ ಸೌಟಿನಿಂದ ಬಡಿದು, “ಬರ್ರೇ ನಮ್ಮವ್ವಗೋಳ್ರ್ಯಾ, ಬರ್ರೇ ಹಸದ ಮಕ್ಕಳ್ರ್ಯಾ” ಎಂದು ಕೂಗುವಳು. ಗೋಡೆಯ ಮೇಲಿಂದ, ಹಂಚಿನ ಸಂದಿಯಿಂದ, ಬಣವೆಯ ನೆತ್ತಿಯಿಂದ ಬಾಲಗಳು ಇಳಿಯತೊಡಗುವವು. ಅವು ಉಂಡು ಮೋರೆ ಒರೆಸಿಕೊಳ್ಳುವ ತನಕ ಅತ್ತಿ ನೀರು ಸಹ ಮುಟ್ಟುತ್ತಿರಲಿಲ್ಲ.

ಕಾಕಾನಿಗೆ ಈ ಹಾಲಿನ ಖರ್ಚು ಕಣ್ಣಿಗೆ ಚುಚ್ಚುತ್ತಿತ್ತು. ಆದರೆ ಗಿರಾಕಿಗಳ ಮುಂದೆ ಅದೇ ಹೆಮ್ಮೆಯಾಗಿ ಹೊರಬೀಳುವುದು. “ನಮ್ಮ ಬೆಕ್ಕಗೋಳು ಹಾಲು ರೊಟ್ಟಿ ಮ್ಯಾಲನ ಬೆಳದಾವ್ರಿ. ಕೊಳ್ಳಾಗ ಲಿಂಗ ಕಟ್ಟೂದೊಂದು ಬಾಕಿ,” ಎಂದು ಮೀಸೆ ತಿರುವುತ್ತಿದ್ದ.

ಇನ್ನು ನಾನು. ಹೆಸರು ಚನಬಸಪ್ಪ, ಕರೆಯುವುದು ಚನ್ಯಾ. ಅಂಗಡಿಯಲ್ಲಿ ಕೆಲಸ, ಅಂದರೆ ಹಮಾಲರನ್ನು ನಗಿಸುವುದು. ದೇವರು ನನಗೆ ಬುದ್ಧಿ ಕೊಡುವಾಗ ಕೈ ಬಿಗಿಹಿಡಿದ, ಧ್ವನಿ ಕೊಡುವಾಗ ಸಡಿಲ ಬಿಟ್ಟ. ಯಲವಿಗಿ ಸ್ಟೇಷನ್ ಮಾಸ್ತರನ ಸೀನಿನಿಂದ ಹಿಡಿದು ಕಾಕಾನ ಉಂಡಾದ ಮೇಲಿನ ಢೇಕರಿಯವರೆಗೆ ಎಲ್ಲದರ ನಕಲು ತೆಗೆದು ತೋರಿಸುತ್ತೇನೆ. ನನ್ನನ್ನೂ ಬಿಟ್ಟಿಲ್ಲ: ನಾನು ಬೈಸಿಕೊಳ್ಳುವಾಗ ನಿಲ್ಲುವ ರೀತಿಯನ್ನು ನಾನೇ ಮಾಡಿ ತೋರಿಸಿ ಎರಡನೆಯ ಸಲ ಬೈಸಿಕೊಂಡಿದ್ದೇನೆ. ಅತ್ತಿಯ ಧ್ವನಿಯಲ್ಲಿ ಕೂಗಿದರೆ ಬೆಕ್ಕುಗಳು ಮೋಸಹೋಗಿ ಓಡಿಬರುತ್ತವೆ. ಬಂದು, ಖಾಲಿ ದೋಣಿಯನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತವೆ. ಆ ನೋಟವೊಂದನ್ನು ಮಾತ್ರ ನನಗೆ ಇದುವರೆಗೆ ಅನುಕರಿಸಲಾಗಿಲ್ಲ.

ಕಾಕಾ ಊಟವಾದ ಮೇಲೆ ಗಾದಿಯ ಮೇಲೆ ಮುಖಕ್ಕೆ ಹೆಗಲ ಮೇಲಿನ ವಲ್ಲಿ ಹೊದ್ದು ಮಲಗುವ ರೂಢಿ. ಅವನ ಗೊರಕೆ ಶ್ರುತಿಗೆ ಬಂದೊಡನೆ ನಾನು ಭತ್ತದ ಚೀಲಗಳ ಹಿಂದೆ ಕುಳಿತು ಜಗಳಕ್ಕೆ ನಿಂತ ಎರಡು ಗಂಡುಬೆಕ್ಕುಗಳನ್ನು ಶುರು ಮಾಡುತ್ತಿದ್ದೆ. ಮೊದಲು ಕೆಳಗಿನ ಸ್ವರದಲ್ಲಿ ನ್ಯಾಯ ಕೇಳುವುದು, ಆಮೇಲೆ ಮೇಲಿನ ಸ್ವರದಲ್ಲಿ ಒಬ್ಬರ ವಂಶವನ್ನೊಬ್ಬರು ಬೈಯುವುದು. ಹಮಾಲರು ಬಾಯಿಗೆ ಚೀಲ ಒತ್ತಿಕೊಂಡು ನಗುವರು. ಕಾಕಾ ಧಡಕ್ಕನೆ ಎದ್ದು ಹಿತ್ತಲಿಗೆ ಓಡುವನು. ಅಲ್ಲಿ ಗೋಡೆಯ ಮೇಲೆ ದಿನಾಲು ಒಂದೇ ಬೆಕ್ಕು ಬಿಸಿಲು ಕಾಯಿಸುತ್ತ, ಹಿಂಗಾಲೆತ್ತಿ ಮೈ ನೆಕ್ಕಿಕೊಳ್ಳುತ್ತ ಕೂತಿರುವುದು. ಬೂದಿಬಣ್ಣದ ಹೆಣ್ಣುಬೆಕ್ಕು. ಅತ್ತಿ ಅದನ್ನು ಬೂದವ್ವ ಎನ್ನುತ್ತಿದ್ದಳು.

“ಇದರದs ಕೆಲಸ!” ಎಂದ ಕಾಕಾ ಒಂದು ದಿನ. “ಒದರೂದು ಒದರಿ, ಹೆಂಗ ಸಂಭಾವಿತರಂಗ ಕುಂತೈತಿ ನೋಡ್ರೋ!”

ಆ ಮಾತು ಗೋಡೆಯ ಮೇಲಿನ ಬೆಕ್ಕಿಗೂ ಚೀಲದ ಹಿಂದಿನ ಬೆಕ್ಕಿಗೂ ಹೊಂದುವಂತಿತ್ತು.

ಅತ್ತಿ ಹಿರೇಕೆರೂರಿನ ಮಗಳ ಮನೆಗೆ, ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗಿದ್ದ ಸಮಯ ನೋಡಿ ಕಾಕಾ ತೀರ್ಪು ಕೊಟ್ಟ. ಸವಣೂರಿಗೆ ಅಕ್ಕಿ ಹೇರಿಕೊಂಡು ಹೋಗುವ ಚಕ್ಕಡಿಯಲ್ಲಿ ನಾನು ಹೇಗೂ ಹೊರಟಿದ್ದೆ. “ಬೂದೀನ ಚೀಲದಾಗ ಕಟ್ಕೊಂಡು ಒಯ್ದು ಅಲ್ಲೇ ಬಿಟ್ಟು ಬಾ.”

“ಬೆಕ್ಕು ಎಲ್ಲಿ ಬಿಟ್ರೂ ತಿರುಗಿ ಬರತೈತಿ ಕಾಕಾ,” ಎಂದೆ.

“ಹಳ್ಳಾ ದಾಟಿಸಿದ್ರ ಬರತೈತಿ. ಹೊಳಿ ದಾಟಿಸಿದ್ರೂ ಬರತೈತಿ. ರಾಜ್ಯಾ ದಾಟಿಸಿದ್ರ ಹೆಂಗ ಬರತೈತಿ? ಅಲ್ಲಿ ಹುಕುಮು ಬ್ಯಾರೆ, ಸರಕಾರ ಬ್ಯಾರೆ!”

ಇದನ್ನು ಕೇಳಿ ಅಲ್ಲಿದ್ದವರೆಲ್ಲ ಗಂಭೀರವಾಗಿ ತಲೆದೂಗಿದರು. ಹಮಾಲರೂ ತೂಗಿದರು, ಅಕ್ಕಿ ಕೊಳ್ಳಲು ಬಂದಿದ್ದ ಗಿರಾಕಿಯೂ ತೂಗಿದ. ನನಗೂ ಒಂದು ಗಳಿಗೆ ಅದು ಕಾಯದೆಯ ಮಾತೆಂದೇ ತೋರಿತು. ನಿಜ ಹೇಳಿದರೆ ನನ್ನನ್ನೇ ಚೀಲದಲ್ಲಿ ಕಟ್ಟುತ್ತಿದ್ದರು. ಆದುದರಿಂದ ನಾನೂ ತಲೆದೂಗಿದೆ.

ಶಿಗ್ಗಾಂವಿ

ಹೊಸ ಊರಿಗೆ ಹೋದ ಪ್ರವಾಸಿ ಮೊದಲು ಅಲ್ಲಿಯ ಜನರ ನಡೆನುಡಿ ನೋಡಬೇಕಂತೆ. ಶಿಗ್ಗಾಂವಿಯ ಜನ ಮೊದಲು ನನ್ನ ಚೀಲವನ್ನು ನೋಡಿದರು.

ಊರ ಕೂಡುದಾರಿಯಲ್ಲಿ ನಮ್ಮ ಚಕ್ಕಡಿ ಅಡ್ಡ ಹಾಯುವಾಗ, ಆ ಕಡೆಯಿಂದ ಇನ್ನೊಂದು ಸವಾರಿ ಬಂಡಿ ಬಂತು. ಅದರಲ್ಲಿ ಹಿರೇಬೆಂಡಿಗೇರಿಗೆ ಹೆಣ್ಣು ನೋಡಲು ಹೊರಟ ಮಂದಿ. ಜರಿ ರುಮಾಲಿನ ಹಿರಿಯರೊಬ್ಬರು, ಎಣ್ಣೆ ಹಚ್ಚಿ ಬೈತಲೆ ತೆಗೆದ ವರ, ಹಣ್ಣಿನ ಬುಟ್ಟಿ ಹಿಡಿದ ಹೆಂಗಸರು. ಹಾನಗಲ್ಲಿನಿಂದ ಅಲ್ಲಿಯವರೆಗೆ ಮೌನವ್ರತದಲ್ಲಿದ್ದ ಬೂದವ್ವ ಸರಿಯಾಗಿ ಅವರ ಮುಂದೆ ‘ಮ್ಯಾಂವ್’ ಎಂದಿತು.

ಬಂಡಿ ನಿಂತಿತು. ವರನ ಮುಖ ಇಳಿಯಿತು.

“ಬೆಕ್ಕು ಅಡ್ಡ ಹೋತು!” ಎಂದಳು ಬುಟ್ಟಿಯಾಕೆ.

“ಬೆಕ್ಕು ಎಲ್ಲಿ ಹೋತ್ರಿ? ಚೀಲದಾಗ ಕುಂತೈತಿ,” ಎಂದ ಭರಮಪ್ಪ. “ಅಡ್ಡ ಹೋಗಿದ್ದು ನನ್ನ ಎತ್ತು.”

ಹಿರಿಯರು ಕೆಳಗಿಳಿದರು. ಬೆಕ್ಕು ತನ್ನ ಕಾಲಿನಿಂದ ಅಡ್ಡ ಬಂದರೆ ಅಪಶಕುನ. ಎತ್ತಿನ ಕಾಲಿನಿಂದ ಬಂದರೆ? ಈ ಪ್ರಶ್ನೆ ಅಲ್ಲಿಯ ಚಹದ ಅಂಗಡಿಯನ್ನೆಲ್ಲ ಎಬ್ಬಿಸಿಕೊಂಡು ಬಂತು. ಒಬ್ಬನು, ಕಾಲು ಯಾರದಾದರೂ ಅಡ್ಡ ಅಡ್ಡವೇ ಎಂದ. ಇನ್ನೊಬ್ಬನು, ಚೀಲದ ಬಾಯಿ ಕಟ್ಟಿದ್ದರೆ ಬೆಕ್ಕು ಮಾಲು, ಬಿಚ್ಚಿದ್ದರೆ ಮಾತ್ರ ಬೆಕ್ಕು ಎಂದ. ವಿಲಾಯತಿಯಲ್ಲಿ ಕರಿ ಬೆಕ್ಕಿಗೊಂದು ಕಾನೂನು, ಬಿಳಿ ಬೆಕ್ಕಿಗೊಂದು ಕಾನೂನು ಇದೆಯೆಂದು ಕೇಳಿದ್ದೇನೆ. ಚೀಲದ ಬೆಕ್ಕಿನ ಕಾನೂನು ಶಿಗ್ಗಾಂವಿಯಲ್ಲಿ ಮಾತ್ರ ಚರ್ಚೆಗೆ ಬಂದಿರಬೇಕು.

ಕೊನೆಗೆ ಹಿರಿಯರು ತೀರ್ಪು ಹೇಳಿದರು. “ಅಡ್ಡ ಹೋದದ್ದು ತಿರುಗಿ ಹಿಂದ ಬಂದ್ರ ಅಡ್ಡ ಅಳಿಸಿ ಹೋಗತೈತಿ. ನಿಮ್ಮ ಚಕ್ಕಡಿ ಹಿಂದ ತಗೋರಿ.”

ಎತ್ತುಗಳಿಗೆ ಹಿಂದೆ ನಡೆಯುವ ವಿದ್ಯೆ ಯಾರೂ ಕಲಿಸಿಲ್ಲ. ನಾವು ಅಕ್ಕಿಯ ಚೀಲಗಳನ್ನೆಲ್ಲ ಇಳಿಸಿ, ಎತ್ತುಗಳನ್ನು ನೊಗದಿಂದ ಬಿಚ್ಚಿ, ಆ ವರನೂ ಜರಿ ರುಮಾಲೂ ಕೈಹಚ್ಚಿ ಚಕ್ಕಡಿಯನ್ನು ಹಿಂದಕ್ಕೆ ನೂಕಿದೆವು. ಬೂದವ್ವ ಚೀಲದಲ್ಲಿ ಅದರ ಮೇಲೆಯೇ ಇತ್ತು, ರಾಣಿಯಂತೆ. ಬಂಡಿ ಹಾದುಹೋಯಿತು. ಅದು ಕಣ್ಮರೆಯಾದ ಮೇಲೆ ಭರಮಪ್ಪ ಚೀಲಗಳನ್ನು ಮತ್ತೆ ಹೇರುತ್ತ ನನ್ನನ್ನು ಕೇಳಿದ: “ಅಲ್ಲೋ ಚನ್ಯಾ, ಈ ಸಲ ಒದರಿದ್ದು ಬೆಕ್ಕೋ, ನೀನೋ?”

“ಬೆಕ್ಕು, ಲಿಂಗದಾಣಿ.”

“ನಿನ್ನ ಬಾಯಾಗ ಖರೇ ಮಾತು ಬಂದ್ರೂ ಸೋಗು ಹಾಕ್ಕೊಂಡs ಬರತೈತಿ,” ಎಂದು ನಂಬಲಿಲ್ಲ.

ನಾಕಾ

ಗಡಿಯಲ್ಲಿ ಒಂದು ಛಪ್ಪರ, ಒಂದು ಅಡ್ಡಗಂಬ, ಖಾಕಿ ಅಂಗಿ ಹಾಕಿದ ಒಬ್ಬ ಸಿಪಾಯಿ. ಆಚೆ ಈಚೆ ಮಣ್ಣು ಒಂದೇ ಬಣ್ಣ, ಎರಡೂ ಕಡೆಗೆ ಒಂದೇ ಜಾಲಿಗಿಡ. ಆದರೂ ನಾನು ಪರರಾಜ್ಯಕ್ಕೆ ತಕ್ಕಂತೆ ಎದೆ ಮುಂದೆ ಮಾಡಿ ಇಳಿದೆ.

ಸಿಪಾಯಿ ಅಕ್ಕಿಯನ್ನೆಲ್ಲ ನೋಡಿ ಮುಗಿಸಿ ಆ ಸಣ್ಣ ಚೀಲದ ಹತ್ತಿರ ಬಂದ. “ಇದ್ರಾಗೇನೈತಿ?”

“ಬೆಕ್ಕು.”

“ನಮ್ಮಲ್ಲೇನು ಬೆಕ್ಕಿನ ಬರ ಬಿದ್ದೈತೇನು, ಹಾನಗಲ್ಲಿಂದ ಹೇರಿಕೊಂಡು ಬರಾಕ? ಖರೇ ಹೇಳು. ತಂಬಾಕಾ?”

ನಾನು ಚೀಲವನ್ನು ಮೆಲ್ಲಗೆ ಅಲ್ಲಾಡಿಸಿದೆ. ಬೂದವ್ವ ಉಸಿರೆತ್ತಲಿಲ್ಲ. ಹೊಟ್ಟೆಯ ಮೇಲೆ ಬೆರಳಾಡಿಸಿದೆ, ಇಲ್ಲ. ಶಿಗ್ಗಾಂವಿಯಲ್ಲಿ ಮದುವೆ ಕೆಡಿಸಲು ಬಾಯಿ ಇತ್ತು, ನಾಕಾದಲ್ಲಿ ಸಾಕ್ಷಿ ಹೇಳಲು ಇಲ್ಲ. ಕಂಗಾಲಾಗಿ, ತುಟಿ ಅಲ್ಲಾಡದ ಹಾಗೆ ನಾನೇ ‘ಮ್ಯಾಂವ್’ ಎಂದೆ. ನನ್ನ ಜನ್ಮದಲ್ಲಿ ಅಷ್ಟು ಚೊಕ್ಕ ಮ್ಯಾಂವ್ ಬಂದದ್ದಿಲ್ಲ. ಆದರೆ ಭರಮಪ್ಪ ಕಿಸಕ್ಕನೆ ನಕ್ಕುಬಿಟ್ಟ.

“ನಿನ್ನ ಬಾಯಿಲೇ ಒದರಾಕತ್ತಿ?” ಎಂದ ಸಿಪಾಯಿ, ಚೀಲದ ಬಾಯಿ ಸಡಿಲಿಸಿ ತಂಬಾಕು ತೆಗೆಯಲು ಕೈ ಒಳಗೆ ಹಾಕಿದ.

ಆಮೇಲಿನ ಕೂಗು ಸಿಪಾಯಿಯದು. ಕೈ ಹೊರಗೆ ಬಂದಾಗ ಅದರ ಮೇಲೆ ಕೆಂಪು ಗೆರೆಗಳಿದ್ದವು.

“ಬೆಕ್ಕೈತಲೋ ಇದ್ರಾಗ!”

“ನಾ ಮೊದಲ ಹೇಳಿದ್ನಲ್ಲರಿ.”

“ನೀ ಹೇಳಿದ್ದಕ್ಕs ನಂಬಲಿಲ್ಲ!”

ಅರ್ಧ ದಿನದಲ್ಲಿ ಎರಡು ರಾಜ್ಯಗಳು ನನ್ನ ಬಗೆಗೆ ಒಂದೇ ಅಭಿಪ್ರಾಯಕ್ಕೆ ಬಂದವು.

ಸವಣೂರು

ಸವಣೂರು ವೀಳ್ಯದೆಲೆಯ ಊರು. ಒದ್ದೆ ಗೋಣಿತಟ್ಟು ಹೊದಿಸಿದ ಎಲೆಬುಟ್ಟಿಗಳು ಓಣಿಯ ಇಬ್ಬದಿಗೂ ಸಾಲಾಗಿ ಕೂತಿರುತ್ತವೆ. ಅಲ್ಲಿಯವರು ಬಾಯಿ ತುಂಬ ರಸ ಇಟ್ಟುಕೊಂಡೇ, ಅದು ಚೆಲ್ಲಬಾರದೆಂದು ಗದ್ದ ಮೇಲೆತ್ತಿ ಮಾತಾಡುತ್ತಾರೆ. ಸಂತೆಯಲ್ಲಿ ನಿಂತು ನೋಡಿದರೆ ಊರಿಗೆ ಊರೇ ಆಕಾಶದೊಡನೆ ವ್ಯವಹಾರ ನಡೆಸಿದಂತೆ ಕಾಣುತ್ತದೆ. ನಾನೂ ಒಂದು ಬೀಡಾ ಹಾಕಿಕೊಂಡು, ಗದ್ದ ಎತ್ತಿ, ಅವರಂತೆಯೇ “ಏನ್ ಭಾವ ಐತ್ರಿ?” ಎಂದು ಎಲೆಯ ದರ ಕೇಳಹೋದೆ. ಭಾವ ತಿಳಿಯಲಿಲ್ಲ. ರಸ ಅಂಗಿಯ ಮೇಲೆ ಇಳಿದು, ಚೂರಿ ಇರಿತ ತಿಂದವನಂತೆ ಕಾಣತೊಡಗಿದೆ.

ನಮ್ಮ ಅಕ್ಕಿ ಕೊಳ್ಳುವವರು ಎಲೆ ವ್ಯಾಪಾರದ ಹುಸೇನಸಾಬರು. ಭರಮಪ್ಪ ಚೀಲ ಇಳಿಸತೊಡಗಿದ. ನಾನು ಶಿಕ್ಷೆ ಜಾರಿ ಮಾಡಲು ಅವರ ಹಿತ್ತಲಿಗೆ ಹೋದರೆ, ಅಲ್ಲಿ ಗೋಡೆಯ ಮೇಲೆ ಮೊದಲೇ ಬೆಕ್ಕುಗಳು ಸಾಲು ಹಿಡಿದು ಕೂತಿದ್ದವು. ಒಂದೊಂದರ ಮುಂದೆ ಒಂದೊಂದು ಒಡೆದ ಮಡಕೆಯ ಚೂರು. ಹುಸೇನಸಾಬರ ತಾಯಿ ಅಮೀನಾಬಿ, ಹಣ್ಣಾದ ಮುದುಕಿ, ಕಸಾಯಿ ಅಂಗಡಿಯಿಂದ ತಂದ ಚೂರುಪಾರು ಮಾಂಸವನ್ನು ಬೇಯಿಸಿ ಆರಿಸಿ, ಒಂದೊಂದು ಮಡಕೆಚೂರಿಗೂ ಬಡಿಸುತ್ತ ಹೊರಟಿದ್ದರು. ಒಂದು ಕೆಂಪು ಗಂಡುಬೆಕ್ಕಿನ ಕಿವಿಗೆ ಗಾಯವಾಗಿ ಅರಿಷಿಣ ಮೆತ್ತಿದ್ದರಿಂದ ಅದು ಮದುವೆಗೆ ಸಿದ್ಧವಾದಂತಿತ್ತು.

ಪ್ರವಾಸಿಯ ಧರ್ಮಕ್ಕೆ ಒಂದು ಹೋಲಿಕೆ ಬರೆದಿಡುತ್ತೇನೆ. ನಮ್ಮಲ್ಲಿ ಮನುಷ್ಯರಿಗೆ ಬೇರೆ ಬೇರೆ ತಾಟು, ಬೆಕ್ಕುಗಳಿಗೆಲ್ಲ ಒಂದೇ ದೋಣಿ. ಅವರಲ್ಲಿ ಮನುಷ್ಯರು ಒಂದೇ ತಾಟಿನ ಸುತ್ತ ಕೂತು ಉಣ್ಣುತ್ತಾರೆ, ಬೆಕ್ಕುಗಳಿಗೆ ಬೇರೆ ಬೇರೆ. ಜಗಳ ಎರಡೂ ಕಡೆ ಅಷ್ಟೇ ಆಗುತ್ತದೆ.

“ಬೆಕ್ಕು ಬಿಡಾಕ ಬಂದೇನ್ರಿ ಅಮ್ಮಾ,” ಎಂದೆ. “ನಿಮ್ಮಲ್ಲಿ ಇಷ್ಟದಾವು, ಇದೂ ಒಂದು ಇರಲಿ.”

“ಹಿತ್ತಲ ಬೆಕ್ಕಿಗೆ ಗೋಡಿ ಯಾರದಾದ್ರೇನು ಬೇಟಾ. ಬಿಡು.”

ಚೀಲ ಬಿಚ್ಚಿದೆ. ಬೂದವ್ವ ಹೊರಬಂದು, ಮೈ ಜಾಡಿಸಿ, ಅರಿಷಿಣದ ಮದುಮಗನ ಚೂರಿಗೆ ನೇರವಾಗಿ ಹೋಗಿ ಬಾಯಿ ಹಾಕಿತು. ಅವನು ಪಾಪ ಹಿಂದೆ ಸರಿದು ನಿಂತ. ಹಾಲು ರೊಟ್ಟಿಯಲ್ಲಿ ಬೆಳೆದ ನಮ್ಮ ಮನೆತನದ ಬೆಕ್ಕು ಕಣ್ಣು ಮುಚ್ಚಿ, ಕಿವಿ ಹಿಂದೆ ಮಾಡಿ, ಮಾಂಸ ತಿನ್ನುವುದನ್ನು ನೋಡಿ ನನಗೆ ನಗೆ ತಡೆಯಲಾಗಲಿಲ್ಲ. ಅಮೀನಾಬಿ ನಗಲಿಲ್ಲ. ಬಗ್ಗಿ ಬೂದವ್ವನ ಹೊಟ್ಟೆಯ ಕೆಳಗೆ ನೋಡಿದರು.

“ಇದರ ಮರಿ ಎಲ್ಲಿ?”

“ಮರಿ? ಯಾವ ಮರಿ?”

“ತೌಬಾ! ಹಾಲು ತುಂಬಿ ಬಿಗದೈತಿ, ಕಾಣಂಗಿಲ್ಲೇನು? ಹಡದು ಭಾಳ ದಿನಾ ಆಗಿಲ್ಲ ಇದಕ. ತಾಯೀನ ಚೀಲದಾಗ ತಂದಿ. ಮಕ್ಕಳನ್ನ ಯಾರ ಮಡಿಲಾಗ ಹಾಕಿ ಬಂದಿ ಬೇಟಾ?”

ಬೂದವ್ವ ದಿನಾಲು ನಮ್ಮ ಹಿತ್ತಲ ಆ ಗೋಡೆಯ ಮೇಲೆಯೇ ಯಾಕೆ ಕೂಡುತ್ತಿತ್ತೆಂದು ತಟ್ಟನೆ ಹೊಳೆಯಿತು. ಅದರ ಕೆಳಗೇ ಗೋದಾಮಿನ ಕಿಂಡಿ. ಕಿಂಡಿಯ ಒಳಗೆ ಹಳೆಯ ಗೋಣಿಯ ರಾಶಿ. ಅದು ಬಿಸಿಲು ಕಾಯಿಸುತ್ತಿರಲಿಲ್ಲ, ಮಕ್ಕಳನ್ನು ಕಾಯುತ್ತಿತ್ತು. ಅತ್ತಿಯೊಬ್ಬಳಿಗೆ ಅದು ತಿಳಿದಿರಬೇಕು, ಅತ್ತಿ ಹಿರೇಕೆರೂರಿನಲ್ಲಿ. ತಾಯಿಯಿಲ್ಲದ ಕೂಸುಗಳು ಗೋಣಿಯಲ್ಲಿ ಒದರುತ್ತಿದ್ದರೆ ಕಾಕಾ ಅದನ್ನೂ ಜಗಳಗಂಟ ಬೆಕ್ಕೆಂದೇ ತಿಳಿದಾನು.

“ಹಿಡೀರಿ ಅಮ್ಮಾ, ಹಿಡೀರಿ ಅದನ್ನ!” ಎಂದು ನಾನು ಚೀಲ ಹಿಡಿದು ಹಾರಿದೆ. ಬೂದವ್ವನಿಗೆ ಆ ಚೀಲದ ಪರಿಚಯ ಚೆನ್ನಾಗಿತ್ತು. ಗೋಡೆ, ಹಂಚು, ಪಕ್ಕದ ಮನೆಯ ಕೋಳಿಗೂಡು, ಎಲ್ಲ ದಾಟಿ ಮಾಯವಾಯಿತು.

ದೊಡ್ಡ ಹುಣಸಿಯ ಕೆಳಗೆ

ಸವಣೂರಿನಲ್ಲಿ ದೊಡ್ಡ ಹುಣಸಿ ಎಂದು ಕರೆಯುವ ಮರಗಳಿವೆ. ಹುಣಸೆಗೂ ಅವಕ್ಕೂ ಸಂಬಂಧ ನನಗೂ ಯಲವಿಗಿ ಸ್ಟೇಷನ್ ಮಾಸ್ತರನಿಗೂ ಇದ್ದಷ್ಟೇ. ಬೊಡ್ಡೆ ನಮ್ಮ ಅಂಗಡಿಗಿಂತ ದಪ್ಪ. ಮೇಲೆ ಟೊಂಗೆಗಳು ಬೇರುಗಳಂತೆ. ಗಿಡವನ್ನು ತಲೆಕೆಳಗಾಗಿ ನೆಟ್ಟು ಮಾಲಿ ಓಡಿಹೋದಂತೆ ಕಾಣುತ್ತದೆ. ಮರುದಿನ ಮುಂಜಾನೆ ಬೂದವ್ವ ಅಂಥದೊಂದರ ಪೊಟರೆಯಲ್ಲಿ ಕೂತದ್ದು ಕಂಡಿತು.

ಮೊದಲು ನನ್ನ ಧ್ವನಿಯಲ್ಲಿ ಕರೆದೆ. ಅದು ಬೆನ್ನು ತಿರುವಿತು. ಅಮೀನಾಬಿ “ಆಜಾ, ಆಜಾ” ಎಂದು ಕರೆದರು; ಅವರ ಬೆಕ್ಕುಗಳೆಲ್ಲ ಬಂದು ನಮ್ಮ ಕಾಲು ಸುತ್ತಿದವು, ಮದುಮಗನೂ ಬಂದ, ಬೂದವ್ವ ಬರಲಿಲ್ಲ. ಆಮೇಲೆ ನಾನು ಮರಿಯಾದೆ. ಕಣ್ಣು ಬಿಡದ, ಹಸಿದ ಮರಿಯಂತೆ ಸಣ್ಣಗೆ ಕುಂಯ್‌ಗುಟ್ಟಿದೆ. ಬೂದವ್ವನ ಕಿವಿ ನಿಮಿರಿದವು. ಪೊಟರೆಯ ಅಂಚಿಗೆ ಬಂದು ಕೆಳಗೆ ನೋಡಿ, ಅಷ್ಟು ದೊಡ್ಡ ಮರಿಗೆ ಮೀಸೆ ಬಂದದ್ದು ನೋಡಿ, ಮತ್ತೆ ಒಳಗೆ ಹೋಯಿತು. ಅಷ್ಟರಲ್ಲಿ ಎದುರಿನ ಮನೆಯಾಕೆಯೊಬ್ಬಳು ಪಾಪ ಮರಿ ಎಲ್ಲಿದೆಯೆಂದು ಬಟ್ಟಲಲ್ಲಿ ಹಾಲು ತಂದು, ನನ್ನನ್ನು ಕಂಡು, ಹಾಲು ಸಮೇತ ಹಿಂದಿರುಗಿದಳು.

“ಮನೀಯಾಗ ಇದಕ ಯಾರು ಉಣ್ಣಾಕ ಹಾಕ್ತಿದ್ರು?” ಎಂದು ಕೇಳಿದರು ಅಮೀನಾಬಿ.

“ನಮ್ಮತ್ತಿ.”

“ಮತ್ತ ಅವ್ರು ಬರಬೇಕು.”

ಅತ್ತಿಯನ್ನು ಕರೆತರಲು ಹಿರೇಕೆರೂರಿಗೆ ಹೋಗಬೇಕಿರಲಿಲ್ಲ. ವಲ್ಲಿಯನ್ನು ತಲೆಯ ಮೇಲೆ ಸೆರಗಿನಂತೆ ಎಳೆದುಕೊಂಡೆ. ಅಮೀನಾಬಿಯ ಪಾತ್ರೆಯನ್ನು ಮರದ ಬೇರಿನ ಮೇಲಿಟ್ಟು ಅದರ ಅಂಚಿಗೆ ಸೌಟಿನಿಂದ ಬಡಿದೆ. ಸೊಂಟದ ಮೇಲೆ ಒಂದು ಕೈ ಇಟ್ಟೆ. ಅದಿಲ್ಲದೆ ಅತ್ತಿಯ ಧ್ವನಿ ಬರುವುದಿಲ್ಲ. “ಬರ್ರೇ ನಮ್ಮವ್ವಗೋಳ್ರ್ಯಾ, ಬರ್ರೇ ಹಸದ ಮಕ್ಕಳ್ರ್ಯಾ!”

ಎಲೆ ಸಂತೆಯವರು ಗದ್ದ ಇಳಿಸಿ ನೋಡಿದರು. ಯಾರೋ ಸತ್ತಿದ್ದಾರೆ, ಹಾನಗಲ್ಲ ಕಡೆಯ ಹೆಂಗಸು ಅಳುತ್ತಿದ್ದಾಳೆ ಎಂದು ಸುದ್ದಿಯಾಗಿ ಮಂದಿ ಸೇರಿತು. ಮಂದಿಯ ನಡುವೆ ಮೀಸೆಯ ಹೆಂಗಸೊಂದು ಮರಕ್ಕೆ ಊಟ ಹಾಕುತ್ತಿತ್ತು. ಒಬ್ಬ ಸಜ್ಜನರು ಅಮೀನಾಬಿಯನ್ನು ಮೆಲ್ಲಗೆ ಕೇಳಿದರು: “ಇಂವ ಹುಟ್ಟಿದಾಗಿಂದ ಹಿಂಗs ಅದಾನೇನ್ರಿ?”

“ಇಲ್ಲ, ನಿನ್ನಿ ಸಂಜೀಲಿಂದ,” ಎಂದರು ಅವರು.

ನಾನು ನಿಲ್ಲಿಸಲಿಲ್ಲ. ಎರಡನೆಯ ಕೂಗಿಗೆ ಬೂದವ್ವ ತಲೆ ಹೊರಹಾಕಿತು. ಮೂರನೆಯದಕ್ಕೆ ಬಾಲವನ್ನು ನೆಟ್ಟಗೆ ಮಾಡಿಕೊಂಡು ಆ ಬೊಡ್ಡೆಯಿಂದ ಸರಸರನೆ ಇಳಿದು ಬಂತು. ಪಾತ್ರೆಯನ್ನು ನೋಡಿತು, ನನ್ನನ್ನು ನೋಡಿತು. ಆದರೆ ಈ ಸಲ ಪಾತ್ರೆ ಖಾಲಿ ಇರಲಿಲ್ಲ. ನಾನು ನೆನೆಸಿದ್ದ ರೊಟ್ಟಿಯನ್ನು ಮೂಗಿನಿಂದ ಪಕ್ಕಕ್ಕೆ ಸರಿಸಿ, ಅಮೀನಾಬಿ ಹಾಕಿದ್ದನ್ನು ಆಯ್ದು ತಿಂದಿತು. ಅದು ತಿನ್ನುವಾಗ ಅಮೀನಾಬಿ ಹಿಂದಿನಿಂದ ಹಳೆಯ ದುಪಟ್ಟಾ ಹಾಕಿ, ಬಾಣಂತಿಯನ್ನು ಸುತ್ತುವಂತೆ ಸುತ್ತಿ, ಚೀಲದಲ್ಲಿಟ್ಟರು.

“ಮರಿ ಜೀವಂತ ಸಿಕ್ರ ಸುದ್ದಿ ಕಳಸು,” ಎಂದರು. “ಸಿಗದಿದ್ರ ಕಳಸಬ್ಯಾಡ.”

ಮತ್ತೆ ನಾಕಾ

ಭರಮಪ್ಪ ಎಲೆಬುಟ್ಟಿಗಳನ್ನು ಹೇರಿಕೊಂಡು ಎಂದೂ ಓಡಿಸದ ಎತ್ತುಗಳನ್ನು ಓಡಿಸಿದ. ಅವನಿಗೆ ಮರಿಯ ಸಂಗತಿ ಹೇಳಿದ್ದೆ. “ಈ ಮಾತು ನಿನ್ನ ಧನಿಯಾಗ ಬಂತು, ಅದಕ್ಕs ನಂಬತೇನಿ,” ಎಂದಿದ್ದ.

ನಾಕಾದಲ್ಲಿ ಅದೇ ಸಿಪಾಯಿ, ಕೈಗೆ ಅರಿವೆ ಸುತ್ತಿಕೊಂಡು ನಿಂತಿದ್ದ. ಚೀಲವನ್ನು ಕಂಡು ದೂರವೇ ನಿಂತ.

“ಏನೈತಿ ಅದ್ರಾಗ?”

ಮತ್ತೆ ಬೆಕ್ಕೆಂದರೆ ಮತ್ತೆ ನಂಬಲಿಕ್ಕಿಲ್ಲ, ಮತ್ತೆ ತಡವಾದೀತು. “ಎಲಿ ಐತ್ರಿ,” ಎಂದೆ.

ಅದೇ ಗಳಿಗೆಗೆ ಬೂದವ್ವ ಬಾಯಿ ತೆರೆಯಿತು. ಒಂದು ಸಲವಲ್ಲ, ತಾನು ಯಾರು, ಎಲ್ಲಿಂದ ಬಂದದ್ದು, ತನಗಾದ ಅನ್ಯಾಯವೇನು, ಎಲ್ಲವನ್ನೂ ಉದ್ದುದ್ದ ಹೇಳಿಕೊಂಡಿತು. ಸಿಪಾಯಿ ತನ್ನ ಕೈಯನ್ನು ನೋಡಿಕೊಂಡ, ಚೀಲವನ್ನು ನೋಡಿದ, ಅಡ್ಡಗಂಬ ಎತ್ತಿದ.

“ಎಲಿ ಒದರಾಕತ್ತಾವು. ಲಗೂನ ಒಯ್ರಿ, ಬಾಡ್ಯಾವು!”

ಹಾನಗಲ್ಲು

ಅಂಗಡಿಯ ಮುಂದೆ ಇಳಿದಾಗ ಕಾಕಾ ಕಟ್ಟೆಯ ಮೇಲೆ ಅರಳಿದ ಮುಖ ಮಾಡಿ ಕೂತಿದ್ದ. “ಬಾರೋ ಚನ್ಯಾ! ನೀ ಆ ಬೂದೀನ ಒಯ್ದ ಮ್ಯಾಲೆ ಮಧ್ಯಾಹ್ನ ಒಂದು ಸಪ್ಪಳ ಇಲ್ಲ. ಮಹಾರಾಜರಂಗ ಮಲಗೇನಿ ನೋಡು!”

ಬೆಕ್ಕು ಊರಲ್ಲಿರಲಿಲ್ಲ ನಿಜ. ನಾನೂ ಇರಲಿಲ್ಲವಲ್ಲ.

ನಾನು ನಿಲ್ಲದೆ ಹಿತ್ತಲಿಗೆ ಓಡಿದೆ. ಗೋದಾಮಿನ ಬಾಗಿಲಲ್ಲಿ ಅತ್ತಿ ಕೂತಿದ್ದಳು. ನಾನು ಹೊರಟ ಸಂಜೆಯೇ ಹಿರೇಕೆರೂರಿನಿಂದ ಬಂದಿಳಿದಿದ್ದಳಂತೆ. ಮಡಿಲಲ್ಲಿ ಮೊರ, ಮೊರದಲ್ಲಿ ಹಳೆ ಸೀರೆಯ ತುಂಡು, ಅದರಲ್ಲಿ ಹೆಗ್ಗಣದಷ್ಟೂ ಇಲ್ಲದ ಮೂರು ಜೀವಗಳು. ಅರಳೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಒಂದರ ಬಾಯಿಗೆ ಇಡುತ್ತಿದ್ದಳು. ನನ್ನನ್ನು ಬೈಯಲಿಲ್ಲ. ಕಣ್ಣು ಚೀಲದ ಮೇಲಿತ್ತು.

“ಎರಡು ಚೀಪ್ತಾವು. ಈ ಸಣ್ಣದು ಬಾಯಿ ತಗ್ಯಾಕ ಒಲ್ಲದು,” ಎಂದಳು. “ಚೀಲಾ ಬಿಚ್ಚು.”

ಬೂದವ್ವ ಹೊರಬಂದು, ಅತ್ತಿ ನೆಲಕ್ಕಿಟ್ಟ ಮೊರವನ್ನು ಮೂಸಿತು. ಅದರ ಮೈಯೆಲ್ಲ ಎಲೆಯ ವಾಸನೆ, ದುಪಟ್ಟಾದ ವಾಸನೆ, ಪರರಾಜ್ಯದ ವಾಸನೆ. ಮರಿಗಳು ಗುರುತು ಹಿಡಿಯುವವೋ ಇಲ್ಲವೋ ಎಂದು ನಾನು ಬಗ್ಗಿ ನೋಡಿದೆ. ಅವಕ್ಕೆ ನಮ್ಮ ಸರಕಾರಗಳ ಭೇದ ತಿಳಿಯದು. ಬೂದವ್ವ ಮೊರದಲ್ಲಿಯೇ ಅಡ್ಡಾಯಿತು. ಸಣ್ಣದು ತಡಕಾಡಿ, ಎರಡು ಸಲ ಜಾರಿ, ಬಾಯಿ ಹಚ್ಚಿತು. ಅತ್ತಿ ಎದ್ದು ಹೋಗಿ ಒಂದು ತಂಬಿಗೆ ನೀರು ಕುಡಿದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪ್ರವಾಸ ಮಾಡಿದವನಿಗೆ ಹೇಳದೆ ಇರಲಾಗದ ರೋಗವೊಂದಿರುತ್ತದೆ.

ಮಾರನೆಯ ದಿನ ಬೂದವ್ವ ಗೋಡೆ ಏರಿ ಕೂತದ್ದನ್ನು ಕಂಡು ಕಾಕಾ ಕೂಗಾಡತೊಡಗಿದ. ತಾಯಿಯೂ ಮರಿಗಳೂ ಸಂಜೆಯೊಳಗೆ ಹಿತ್ತಲು ಬಿಡಬೇಕೆಂದ. ಆಗ ನಾನು ಧೈರ್ಯ ಮಾಡಿ ಎಲ್ಲರ ಮುಂದೆ ಒಪ್ಪಿಕೊಂಡೆ. “ಕಾಕಾ, ನಿನ್ನ ನಿದ್ದಿ ಕೆಡಿಸಿದ್ದು ಅದಲ್ಲ, ನಾನು.” ಅಷ್ಟಕ್ಕೇ ಬಿಡದೆ ಚೀಲದ ಹಿಂದೆ ಹೋಗಿ ಎರಡೂ ಗಂಡುಬೆಕ್ಕುಗಳನ್ನು ಮೊದಲಿನಿಂದ ಕಡೆಯವರೆಗೆ ಜಗಳಾಡಿಸಿ ತೋರಿಸಿದೆ.

ಕಾಕಾ ಕಣ್ಣು ಮುಚ್ಚಿ ಪೂರಾ ಕೇಳಿದ. ಕೇಳಿ, ತಲೆಯಲ್ಲಾಡಿಸಿದ.

“ಛಲೋ ಮಾಡ್ತಿ. ಆದ್ರ ಇದಲ್ಲ ಅದು. ಅದರ ಧನಿಯೊಳಗ ಒಂದು ಜೀವ ಇತ್ತು. ನಿಂದು ಬರೇ ನಕಲು.”

ಇದುವರೆಗೆ ನನಗೆ ಬಿದ್ದ ಬೈಗಳೆಲ್ಲ ಒಂದು ಕಡೆ, ಈ ಮಾತೊಂದು ಕಡೆ. ಕುದಿದುಹೋದೆ. ನನ್ನ ವಿದ್ಯೆಯನ್ನು ಸಾಬೀತು ಮಾಡಲು ಕಟ್ಟೆಯ ಮೇಲೆ ನಿಂತು ಪ್ರವಾಸವನ್ನೆಲ್ಲ ಮಾಡಿ ತೋರಿಸಿದೆ: ಶಿಗ್ಗಾಂವಿಯ ಜರಿ ರುಮಾಲು, ನಾಕಾದ ಸಿಪಾಯಿ, ಗದ್ದ ಎತ್ತಿದ ಸಂತೆ. ಮಂದಿ ಬಿದ್ದು ಬಿದ್ದು ನಗುತ್ತಿತ್ತು. ನಗೆಯ ಅಮಲಿನಲ್ಲಿ ಅಮೀನಾಬಿಯನ್ನೂ ತೆಗೆದೆ, ಕಣ್ಣು ಮುಚ್ಚಿ ಮಾಂಸ ಮೆಲ್ಲುವ ಬೂದವ್ವನನ್ನೂ ತೆಗೆದೆ. ಅದೊಂದು ಎಷ್ಟು ಚೆನ್ನಾಗಿ ಬಂತೆಂದರೆ, ನಗೆಯೇ ನಿಂತುಹೋಯಿತು.

“ಏನಂದಿ?” ಎಂದ ಕಾಕಾ. “ಏನು ತಿಂತು?”

ಆಮೇಲೆ ನನ್ನ ಮಾತು ಯಾರಿಗೂ ಬೇಡವಾಯಿತು. ಕಾಕಾ ಮಠದ ಅಯ್ನೋರನ್ನು ಕರೆಸಿದ. ಅವರು ಬಂದು ಗಾದಿಯ ಮೇಲೆ ಕೂತು, ಸಂಗತಿಯೆಲ್ಲ ಕೇಳಿ, ಗಡ್ಡ ನೀವಿದರು. ಪರದೇಶಕ್ಕೆ ಹೋಗಿಬಂದ ಮನುಷ್ಯನಿಗಾದರೆ ಇಂಥಿಂಥ ಪ್ರಾಯಶ್ಚಿತ್ತವೆಂದು ಹೇಳಬಹುದು, ಬೆಕ್ಕಿನ ಮಾತು ತಮಗೂ ಹೊಸದು ಎಂದರು. ವಿಭೂತಿ ಹಚ್ಚಬಹುದೇ ಎಂದು ಒಬ್ಬ ಕೇಳಿದ. ಬೂದಿಬಣ್ಣದ ಬೆಕ್ಕಿಗೆ ಹಚ್ಚಿದರೆ ಕಾಣುವುದಾದರೂ ಹೇಗೆ ಎಂದು ಇನ್ನೊಬ್ಬ ಕೇಳಿದ. ಅತ್ತಿ ಒಳಬಾಗಿಲಲ್ಲಿ ಮರಿಗಳ ಮೊರ ಹಿಡಿದುಕೊಂಡು ನಿಂತಿದ್ದಳು. ಯಾರೂ ಆಕೆಯನ್ನು ಏನೂ ಕೇಳಿರಲಿಲ್ಲ.

“ಕೇಳೂದೇನೈತ್ರಿ ಅಯ್ನೋರs,” ಎಂದು ಕಾಕಾ ಎದ್ದು ನಿಂತ. “ನಮ್ಮದು ಆಚಾರದ ಮನಿ. ಮಾಂಸಾ ಮುಟ್ಟಿದ ಬಾಯಿ ನಮ್ಮ ಗೋದಾಮಿನ್ಯಾಗ ಕಾಲಿಡೂದು ನನಗ ಸೇರಂಗಿಲ್ಲ. ತಾಯಿ, ಮರಿ, ಎಲ್ಲಾ ಈಗಿಂದೀಗ ಹೊರಗ!”

ಅತ್ತಿ ಮೊರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಧ್ವನಿ ಏರಿಸದೆ ಕೇಳಿದಳು:

“ಅಲ್ಲೋ ತಮ್ಮಾ, ಇಷ್ಟು ವರ್ಷ ಅದು ನಿನ್ನ ಗೋದಾಮಿನ್ಯಾಗ ಹಿಡದು ತಿಂದ ಇಲಿ ಏನು ಬದ್ನಿಕಾಯಿ ಆಗಿದ್ದುವೇನು?”